ನಾನು ಹೊಲಿಯದ ಕೌದಿ

ಕೆಲವರಿಗೆ ತಂಬಾಕಿನ ಚಟವಿರುತ್ತದೆ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ಅರ್ಜಿ ತುಂಬುವ ಚಟ. ಎದುರಿಗೆ ಖಾಲಿ ಅರ್ಜಿ ಕಂಡರೆ ಕೈ ತಡೆಯುವುದಿಲ್ಲ. ಮೂವತ್ತಾರು ವರ್ಷ ಪುಣೆಯ ಕನ್ನಡ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಪಾಠ ಹೇಳಿದ್ದಕ್ಕಿಂತ ಹೆಚ್ಚು ಅರ್ಜಿ ತುಂಬಿದ್ದೇನೆ. ಮೂರು ಜನಗಣತಿಗಳಲ್ಲಿ ಧನಕವಡಿಯ ಓಣಿ ಓಣಿ ಸುತ್ತಿ, ಎರಡು ನಾಯಿಗಳಿಂದ ಕಚ್ಚಿಸಿಕೊಂಡು (ಒಂದು ನಾಯಿ ನನ್ನ ವಿದ್ಯಾರ್ಥಿಯದೇ ಆಗಿತ್ತು) ಸರಕಾರದ ಹಾಳೆಗಳನ್ನು ತುಂಬಿದ್ದೇನೆ. ಆ ಹಾಳೆಗಳಲ್ಲೆಲ್ಲ ಮೊದಲನೆಯ ಸಾಲು ಕುಟುಂಬದ ಯಜಮಾನನದು, ಎರಡನೆಯದು ಹೆಂಡತಿಯದು. ಈ ಕ್ರಮ ನನ್ನ ಬೆರಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ತಲೆಯನ್ನು ಕೇಳದೆಯೇ ಅದು ಬರೆಯುತ್ತಿತ್ತು. ಅದರಿಂದ ಆದ ಅನಾಹುತವನ್ನು ಈಗ ನಿಮ್ಮ ಮುಂದೆ ತೋಡಿಕೊಳ್ಳುತ್ತೇನೆ. ನಗುವವರು ನಗಬಹುದು. ನಮ್ಮಾಕಿ ಈಗಾಗಲೇ ನಕ್ಕು ಮುಗಿಸಿದ್ದಾಳೆ.

ನಮ್ಮಾಕಿ ಎಂದರೆ ನನ್ನ ಧರ್ಮಪತ್ನಿ ಸಾವಂತ್ರವ್ವ, ಗುಳೇದಗುಡ್ಡದ ಮಗಳು. ಮಧ್ಯಾಹ್ನ ಊಟವಾಯಿತೆಂದರೆ ಹಳೆಯ ಸೀರೆ, ಖಣದ ಕುಬಸದ ತುಂಡು, ನನ್ನ ಸವೆದ ಧೋತರ ಎಲ್ಲವನ್ನೂ ಹರವಿಕೊಂಡು ಕೌದಿ ಹೊಲಿಯಲು ಕೂಡುತ್ತಾಳೆ. ಆಗ ನಾನು ನೀರು ಕುಡಿಯಬೇಕೆಂದರೆ ಗೋಡೆಗೆ ಬೆನ್ನು ಹಚ್ಚಿ ಹಲ್ಲಿಯಂತೆ ಅಡುಗೆಮನೆ ಮುಟ್ಟಬೇಕು. ಒಂದು ದಿನ ಹಾಗೆ ಗೋಡೆಗಂಟಿ ಹೋಗುತ್ತಿದ್ದಾಗ ಮೇಲಿನ ಮನೆಯ ಇಂಪನಾ ಬಂದಳು. ಮೈಸೂರಿನ ಹುಡುಗಿ, ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ. ಹೊಸದಾಗಿ ಮುಗಿದಿದ್ದ ಕೌದಿಯನ್ನು ಕಂಡು ಚಪ್ಪಲಿ ಬಿಟ್ಟ ಜಾಗದಲ್ಲೇ ನಿಂತುಬಿಟ್ಟಳು.

"ಆಂಟಿ, ಸಖತ್ತಾಗಿದೆ! ಡಿಸೆಂಬರಲ್ಲಿ ಇಲ್ಲಿ ಕ್ವಿಲ್ಟ್ ಶೋ ಇದೆ. ನಾನೂ ಒಂದು ಹಾಕ್ತಿದೀನಿ. ನೀವು ಇದನ್ನ ಕಳಿಸ್ಲೇಬೇಕು."

"ಕ್ವಿಲ್ಟ್ ಅಂದ್ರ ಏನವ್ವ?"

"ಕೌದಿನೇ ಆಂಟಿ. ಆದ್ರೆ ಗೋಡೆಗೆ ಹಾಕೋದು."

"ಗ್ವಾಡಿಗೆ ಥಂಡಿ ಹತ್ತತದೇನು?"

ಇಂಪನಾ ನಕ್ಕು, ಪ್ರವೇಶಪತ್ರವನ್ನು ನನ್ನ ಮೊಬೈಲಿಗೆ ಕಳಿಸಿದಳು. ಸಾವಂತ್ರವ್ವನ ಫೋನು ಗುಂಡಿ ಒತ್ತುವಂಥದ್ದು, ಅದರಲ್ಲಿ ಇಂಥವೆಲ್ಲ ತೆರೆಯುವುದಿಲ್ಲ. "ಅಂಕಲ್, ನೀವು ತುಂಬಿಬಿಡಿ" ಎಂದಳು. ಅರ್ಜಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನಾನು ಕನ್ನಡಕ ಒರೆಸಿಕೊಂಡು ಕುಳಿತೆ.

ಮೊದಲನೆಯ ಚೌಕದಲ್ಲಿ "ಹೆಸರು" ಎಂದಿತ್ತು. ಈರಣ್ಣ ಬಸಪ್ಪ ಕೊಪ್ಪದ ಎಂದು ಬರೆದೆ. ಎರಡನೆಯದು ಹೆಂಡತಿಯದೆಂದು ಕೆಳಗೆ ಸರಿದರೆ ಅಲ್ಲಿ ಕೃತಿಯ ಶೀರ್ಷಿಕೆ ಕೇಳಿದ್ದರು. ಇರಲಿ, ಆಕೆಯ ಸಾಲು ಮುಂದೆಲ್ಲೋ ಬಂದೀತು ಎಂದುಕೊಂಡೆ. ಅದು ಬರಲೇ ಇಲ್ಲ. ಅಷ್ಟರಲ್ಲಿ "ಕೃತಿಯ ಕುರಿತು ಇನ್ನೂರು ಪದಗಳು" ಎಂಬ ಚೌಕ ಬಂತು. ಇನ್ನೂರು ಪದ ಎಂದೊಡನೆ ನನಗೆ ಮಿಕ್ಕದ್ದೆಲ್ಲ ಮರೆತುಹೋಯಿತು.

"ಏ, ನಿನ್ನ ಕೌದಿ ಬಗ್ಗೆ ಏನರ ಹೇಳು, ಬರೀಬೇಕಾಗೇದ."

"ಹೊಚ್ಚಿಕೊಂಡ್ರ ಬೆಚ್ಚಗ ಆಗ್ತದ. ಅಷ್ಟ ಬರೀರಿ."

ಅಷ್ಟೇ ಬರೆಯಲಾದೀತೆ? "ಜೀರ್ಣವಸನಗಳಿಗೆ ಪುನರ್ಜನ್ಮ ನೀಡುವ ಈ ಕೃತಿ ಸೂಜಿಯೆಂಬ ಲೇಖನಿಯಿಂದ ರಚಿತವಾದ ಗೃಹಕಾವ್ಯವು" ಎಂದು ಶುರುಮಾಡಿದವನು ಐದುನೂರು ಪದಗಳಿಗೆ ನಿಂತೆ. ಇಂಪನಾ ಅದನ್ನು ಇನ್ನೂರಕ್ಕೆ ಇಳಿಸಿ, ಇಂಗ್ಲಿಷು ಮಾಡಿಕೊಟ್ಟಳು. ಗುಂಡಿ ಒತ್ತಿದೆ. ಅರ್ಜಿ ಹೋಯಿತು.

ಪ್ರದರ್ಶನದ ಕೊನೆಯ ದಿನ ಬಹುಮಾನ. ಸಾವಂತ್ರವ್ವ ಬೆಳಗ್ಗೆಯೇ ಎದ್ದು ತಲೆಗೆ ಎರೆದುಕೊಂಡು, ಮಗಳ ಮದುವೆಯಲ್ಲಿ ಉಟ್ಟಿದ್ದ ಇಳಕಲ್ಲ ಸೀರೆ ತೆಗೆದಳು. "ಬಹುಮಾನ ಬರತದಂತ ಅಲ್ಲ ಮತ್ತ. ನಾಕ ಮಂದಿ ನೋಡ್ತಾರ, ಅದಕ್ಕ" ಎಂದು ತಾನೇ ಹೇಳಿಕೊಂಡಳು. ನಾನು ಕೇಳಿರಲಿಲ್ಲ.

ಸಭಾಗೃಹದ ತುಂಬ ಕೌದಿಗಳು ತೂಗಾಡುತ್ತಿದ್ದವು. ಕೌದಿ ಎಂದರೆ ನನಗೆ ಗೊತ್ತಿದ್ದದ್ದು ಚೌಕ, ಮುಕ್ಕೋಣ, ನಡುವೆ ಒಂದು ಹೂವು. ಇಲ್ಲಿ ಮೊದಲು ಕಂಡದ್ದು ಮಂಚದಷ್ಟು ಅಗಲದ ಬೂದು ಬಟ್ಟೆ. ಅದರ ಒಂದು ಅಂಚಿನಲ್ಲಿ ಬೆರಳಗಲದ ಕೆಂಪು ಪಟ್ಟಿ. ಅಷ್ಟೇ.

"ಇದನ್ಯಾಕ ಅರ್ಧಕ್ಕ ಬಿಟ್ಟಾರ? ಅರಿವಿ ಸಾಲಲಿಲ್ಲೇನು?" ಎಂದಳು ಸಾವಂತ್ರವ್ವ.

"ಇಲ್ಲ ಆಂಟಿ, ಅದು ನೆಗೆಟಿವ್ ಸ್ಪೇಸ್. ಖಾಲಿ ಬಿಟ್ಟಿರೋದೇ ಡಿಸೈನ್."

"ಹೌದಾ? ಹಂಗಾದ್ರ ನಮ್ಮ ಮಾಸ್ತರ ತಲಿನೂ ಡಿಸೈನ್ ಆತು ಬಿಡು."

ನಾನು ಟೋಪಿ ಸರಿಮಾಡಿಕೊಂಡು ಮುಂದೆ ನಡೆದೆ. ಒಂದರಲ್ಲಿ ಪುಣೆಯ ರಸ್ತೆಗಳ ನಕ್ಷೆಯನ್ನೇ ಹೊಲಿದಿದ್ದರು. ತಗ್ಗು ಇದ್ದಲ್ಲೆಲ್ಲ ಕರಿಯ ಬಟ್ಟೆಯ ಗುಂಡನೆಯ ತೇಪೆ. ನಮ್ಮ ಧನಕವಡಿಯನ್ನು ಹುಡುಕಿದೆ, ಕಪ್ಪಿನಲ್ಲಿ ಮುಳುಗಿಹೋಗಿತ್ತು. ಇನ್ನೊಂದು ಕಪ್ಪು ಬಿಳುಪು ಚೌಕಗಳದು. ಅದಕ್ಕೆ ಮೊಬೈಲ್ ಹಿಡಿದರೆ ಮತ್ತೊಂದು ಕೌದಿಯ ಚಿತ್ರ ತೆರೆದುಕೊಳ್ಳುತ್ತಿತ್ತು. ಸೊಳ್ಳೆಪರದೆಯಂಥ ತೆಳ್ಳನೆಯ ಬಟ್ಟೆಯದೊಂದು ಇತ್ತು. ಅದನ್ನು ಹೊದ್ದವನನ್ನು ಕಂಡರೆ ಸೊಳ್ಳೆಗೂ ನಗು ಬಂದೀತು. ಹಳೆಯ ಜೀನ್ಸ್ ಪ್ಯಾಂಟುಗಳದೊಂದು ಮಾತ್ರ ನನಗೆ ಮೆಚ್ಚುಗೆಯಾಯಿತು. ಕಿಸೆಗಳನ್ನು ಹಾಗೇ ಉಳಿಸಿದ್ದರು. ಮಲಗುವಾಗ ಕನ್ನಡಕ ಇಡಲು ಎಷ್ಟು ಅನುಕೂಲ ಎಂದು ಇಟ್ಟು ನೋಡಿದೆ. ಬಿಳಿಯ ಕೈಗವಸು ತೊಟ್ಟ ಕಾವಲಿನವಳೊಬ್ಬಳು ಓಡಿಬಂದು, ಸತ್ತ ಜಿರಳೆ ಎತ್ತುವಂತೆ ಎರಡು ಬೆರಳಿನಲ್ಲಿ ಅದನ್ನೆತ್ತಿ ನನ್ನ ಕೈಗಿಟ್ಟಳು. ಮುಟ್ಟಬಾರದಂತೆ.

ಇಂಪನಾಳದು ಕಂಪನಿಗಳು ಕೊಟ್ಟ ಟೀ-ಶರ್ಟುಗಳ ಕೌದಿ, ಐದು ಕಂಪನಿಗಳದು. "ಒಂದೊಂದು ಕೆಲಸ ಬಿಟ್ಟಾಗ್ಲೂ ಒಂದೊಂದು ಪೀಸ್ ಅಂಕಲ್" ಎಂದಳು. ಇನ್ನೂ ಅಂಚು ಹೊಲಿದಿರಲಿಲ್ಲ, ಮುಂದೆ ಸೇರಿಸಲು ಬೇಕಾಗುತ್ತದೆಂದು.

ಎಲ್ಲಕ್ಕಿಂತ ಕೊನೆಗೆ ನಮ್ಮದು. ಅಡುಗೆಮನೆಯ ಬಾಗಿಲಿನ ಬಳಿ ದಿನವೂ ಕಾಣುತ್ತಿದ್ದ ಕೌದಿ, ದೀಪದ ಬೆಳಕಿನಲ್ಲಿ ನೇತುಹಾಕಿದರೆ ಗುರುತೇ ಸಿಗದಷ್ಟು ಚೆಲುವಾಗಿತ್ತು. ಸಾವಂತ್ರವ್ವ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಪಕ್ಕದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಆಕೆಗೆ ಇಂಗ್ಲಿಷು ಬಾರದು. ನನಗೆ ಬರುತ್ತದೆ. ನಾನು ಅದನ್ನು ಓದಿದೆ. ಓದಿ, ಆಕೆಗೆ ಹೇಳಲೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಮೈಕು ಗರಗರ ಎಂದಿತು.

ಪ್ರದರ್ಶನ ನಡೆಸುವ ದೀಪಾಲಿಬಾಯಿ ವೇದಿಕೆಯ ಮೇಲೆ ಮರಾಠಿಯಲ್ಲಿ ಮಾತಾಡಿದರು. ಈ ಸಲ ವಿಶೇಷ ಬಹುಮಾನ ಹಳೆಯ ಪದ್ಧತಿಯ ಒಂದು ಕೌದಿಗೆ, ಅದರ ಹೊಲಿಗೆ ಮುತ್ತು ಪೋಣಿಸಿದ ಹಾಗಿದೆ, ಎಂದರು. ಸಾವಂತ್ರವ್ವ ಕೈಚೀಲವನ್ನು ಇಂಪನಾಳ ಮಡಿಲಿಗಿಟ್ಟು, ಸೆರಗು ಹೊದ್ದು, ಅರ್ಧ ಎದ್ದಳು.

"ಈರಣ್ಣ ಕೊಪ್ಪದ ಸರ್!"

ಆಕೆ ಕುಳಿತಳು. ಉಕ್ಕಲು ಬಂದ ಹಾಲನ್ನು ನೋಡುವಂತೆ ನನ್ನನ್ನು ನೋಡಿದಳು.

ಆಗಲೇ ಹೇಳಬೇಕಾಗಿತ್ತು, ಒಪ್ಪುತ್ತೇನೆ. ವೇದಿಕೆ ಹತ್ತುವವರೆಗೂ ಹೇಳಬೇಕೆಂದೇ ಇದ್ದೆ. ಆದರೆ ಅಲ್ಲಿ ಜರಿಯಂಚಿನ ಶಾಲು ಬಿಚ್ಚಿ ಹಿಡಿದಿದ್ದರು. ನಾನು ನಿವೃತ್ತನಾದಾಗ ಶಾಲೆಯವರು ಒಂದು ಕೊಡೆ ಕೊಟ್ಟು ಕಳಿಸಿದ್ದರು. ಶಾಲು ಕಂಡವನಲ್ಲ. ಅದು ಹೆಗಲ ಮೇಲೆ ಬಿದ್ದದ್ದೇ, ಸತ್ಯ ಅದರ ಕೆಳಗೆ ಮುಚ್ಚಿಹೋಯಿತು.

"ನಮ್ಮ ಪ್ರದರ್ಶನದಲ್ಲಿ ಬಹುಮಾನ ಪಡೆದ ಮೊದಲ ಗಂಡಸು! ಎಷ್ಟು ವರ್ಷದಿಂದ ಹೊಲಿಯುತ್ತೀರಿ ಸರ್?" ಎಂದು ದೀಪಾಲಿಬಾಯಿ ಕೇಳಿದರು.

"ನಮ್ಮ ಮನೆಯಲ್ಲಿ ನಲವತ್ತು ವರ್ಷದಿಂದ ನಡೆದಿದೆ" ಎಂದೆ. (ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಡೆಸಿದವರು ಯಾರೆಂದು ಅವರು ಕೇಳಲಿಲ್ಲ.)

ಅಲ್ಲಿಗೆ ಮುಗಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ದೀಪಾಲಿಬಾಯಿ ಸೂಜಿ, ದಾರ, ಒಂದು ಬಟ್ಟೆ ತರಿಸಿದರು. "ಸರ್, ನಾಲ್ಕೇ ನಾಲ್ಕು ಹೊಲಿಗೆ. ಎಲ್ಲರೂ ಕಣ್ಣಾರೆ ನೋಡಲಿ" ಎಂದರು. ಇನ್ನೂರು ಜನ ಮೊಬೈಲು ಎತ್ತಿ ಹಿಡಿದರು. ನಾನು ದಾರದ ತುದಿ ಚೀಪಿದೆ. ಸೂಜಿಯ ಕಣ್ಣು ಎಡಕ್ಕೆ ಬಂದರೆ ದಾರ ಬಲಕ್ಕೆ ಹೋಯಿತು. ಇನ್ನೊಮ್ಮೆ ಚೀಪಿದೆ. ಐದನೆಯ ಸಲಕ್ಕೆ ದಾರವೇ ಬಾಯಲ್ಲಿ ಕರಗಿದಂತಾಯಿತು. ಸೂಜಿ ಮಾತ್ರ ಹೆಬ್ಬೆರಳಿಗೆ ಸರಿಯಾಗಿ ನಾಟಿತು. ಆ ನೋವಿಗೆ ಸತ್ಯ ತಾನಾಗಿ ಹೊರಗೆ ಬಂತು.

"ಇದು ನಾನು ಹೊಲಿದದ್ದಲ್ಲ! ನನ್ನ ಹೆಂಡತಿ ಹೊಲಿದದ್ದು. ನಾನು ಬರೀ ಅರ್ಜಿ ತುಂಬಿದವನು" ಎಂದು ಮೈಕಿನಲ್ಲಿ ಕೂಗಿಬಿಟ್ಟೆ.

"ಕಿತೀ ನಮ್ರ!" ಎಂದು ದೀಪಾಲಿಬಾಯಿ ಕಣ್ಣೊರೆಸಿಕೊಂಡರು. ಎಂಥ ವಿನಯವಂತರು ಎಂದು. ಸಭೆ ಚಪ್ಪಾಳೆ ತಟ್ಟಿತು. ನಾನು ಆಣೆಯಿಟ್ಟೆ. ಚಪ್ಪಾಳೆ ಜೋರಾಯಿತು. ನಿಜ ಹೇಳುವವನಿಗೆ ಇಷ್ಟು ಚಪ್ಪಾಳೆ ಬಿದ್ದದ್ದನ್ನೂ ಒಬ್ಬರೂ ನಂಬದೆ ಹೋದದ್ದನ್ನೂ ನಾನು ಒಟ್ಟಿಗೆ ಕಂಡದ್ದು ಅಂದೇ.

"ಆಕೆಯನ್ನೇ ಕೇಳಿ" ಎಂದು ಮೂರನೆಯ ಸಾಲಿನತ್ತ ಕೈ ತೋರಿದೆ. ಮೈಕು ಸಾವಂತ್ರವ್ವನ ಕೈಗೆ ಹೋಯಿತು. ಆಕೆ ಎದ್ದು ನಿಂತಳು. ನಲವತ್ತು ವರ್ಷ ಭಾಜಿ ಮಂಡಿಯಲ್ಲಿ ಚೌಕಾಸಿ ಮಾಡಿ ಕಲಿತ ಮರಾಠಿಯಲ್ಲಿ, ನಾಚಿದ ಮದುಮಗಳಂತೆ ಹೇಳಿದಳು:

"ನಾಹೀ ಹೋ, ಸಗಳಂ ತ್ಯಾಂಚಂಚ. ಮೀ ಫಕ್ತ ಭಾಕರಿ ಕರತೇ."

ಎಲ್ಲ ಅವರದೇ, ನಾನು ಬರೀ ರೊಟ್ಟಿ ಬಡಿಯುವವಳು ಎಂದು! ಅಷ್ಟಕ್ಕೇ ಬಿಡಲಿಲ್ಲ. ಜನರ ಮುಂದೆ ಹೊಲಿಯಲು ಅವರಿಗೆ ಸಂಕೋಚ, ಬರುವ ವರ್ಷಕ್ಕೆ ಅರವತ್ತನಾಲ್ಕು ಚೌಕದ ಕೌದಿ ಹೊಲಿಯುವುದೆಂದು ಮನೆಯಲ್ಲಿ ಆಗಲೇ ಸಂಕಲ್ಪ ಮಾಡಿದ್ದಾರೆ, ಎಂದಳು. ದೀಪಾಲಿಬಾಯಿ ಅದನ್ನು ಅಲ್ಲಿಯೇ ಘೋಷಿಸಿಬಿಟ್ಟರು.

ಮನೆ ಹೊಕ್ಕ ಮೇಲೆ ನಾನೇ ಬಾಯಿಬಿಟ್ಟೆ.

"ಯಾಕ ಹಂಗ ಸುಳ್ಳ ಹೇಳಿದಿ?"

"ಚೀಟಿಯೊಳಗ ಇದ್ದದ್ದ ಹೇಳಿದೆ. ಇಂಪನಾ ಓದಿ ಹೇಳಿದ್ಲು. ಮಾಸ್ತರ ಬರದದ್ದು ತಪ್ಪ ಇರ್ತದೇನು?"

"ನಿಂದ ಅಂತ ಮೈಕಿನ್ಯಾಗ ಒದರಿ ಹೇಳಿದ್ನಲ್ಲ!"

"ಹೇಳಿದ್ರಿ. ಸೂಜಿ ಪೋಣಸಾಕ ಬರಲಾರದ್ದಕ್ಕ ಹೇಳಿದ್ರಿ. ಶಾಲು ಹೊಚ್ಚೂಮುಂದ ಹೇಳಬೇಕಾಗಿತ್ತು."

ಆಕೆ ಸೀರೆ ಬದಲಿಸಿ ಬಂದು, ಒಂದು ಗಂಟು ಹಳೆಯ ಬಟ್ಟೆಯನ್ನು ನನ್ನ ಮುಂದೆ ಸುರಿದಳು. "ನನ್ನ ಹೆಸರ ಬರಿಯಾಕ ಈ ಕೈಗೆ ಆಗಲಿಲ್ಲ. ಬೇರೆ ಏನರ ಆಗ್ತದೇನು ನೋಡೂಣು" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಶಾಲೆ ತೆರೆಯಿತು. ನಾನು ನೆಲದ ಮೇಲೆ, ಆಕೆ ನನ್ನ ಆರಾಮಕುರ್ಚಿಯಲ್ಲಿ, ಕೈಯಲ್ಲಿ ನನ್ನ ದಿನಪತ್ರಿಕೆ. ಪತ್ರಿಕೆಯಿಂದ ಕಣ್ಣು ತೆಗೆಯದೆಯೇ ತಪ್ಪು ಹಿಡಿಯುತ್ತಿದ್ದಳು.

"ಹೊಲಿಗಿ ಅಕ್ಕಿಕಾಳಿನಷ್ಟ ಇರಬೇಕ್ರೀ. ಅದು ಶೇಂಗಾ ಆಗೇದ. ಬಿಚ್ಚ್ರಿ."

"ಈಗ ನೋಡು, ಸಣ್ಣ ಆಗೇದ."

"ಸಣ್ಣ ಆಗೇದ, ನೆಟ್ಟಗ ಎಲ್ಲೆ ಅದ? ಎತ್ತು ಉಚ್ಚಿ ಹೊಯ್ಕೋತ ಹೋದಂಗ ಆಗೇದ. ಬಿಚ್ಚ್ರಿ."

ತಪ್ಪು ಮಾಡಿದವರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆಕೆ ಬಿಚ್ಚಿಸುತ್ತಾಳೆ. ಯಾವುದು ಹೆಚ್ಚಿನ ಶಿಕ್ಷೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಕೇಳಿದರೆ ಈಗ ಹೇಳಬಲ್ಲೆ. ಹೆಬ್ಬೆರಳು ಜರಡಿಯಾಯಿತು. ಜೋಳದ ರೊಟ್ಟಿ ಮುರಿಯುವಾಗಲೂ ಉರಿಯುತ್ತಿತ್ತು. ಆದರೂ ಶ್ರಾವಣದ ಹೊತ್ತಿಗೆ ಅರವತ್ತನಾಲ್ಕು ಚೌಕಗಳು ಆದವು. ಅವುಗಳಲ್ಲಿ ಚೌಕಾಕಾರದವು ಒಂಬತ್ತು.

ಆ ಸಮಯಕ್ಕೆ ದೀಪಾಲಿಬಾಯಿ, ಸರ್ ಅವರ ಹೊಸ ಕೃತಿ ಎಲ್ಲಿಗೆ ಬಂತು ಎಂದು ನೋಡಲು ಮನೆಗೇ ಬಂದರು. ನನ್ನದನ್ನು ಹರವಿ ನೋಡಿದರು. ಹಿಂದಿನ ವರ್ಷದ್ದನ್ನು ತರಿಸಿ ಪಕ್ಕದಲ್ಲಿ ಹಾಸಿದರು. ಒಂದರ ಮೇಲೆ ಬೆರಳಾಡಿಸಿದರು, ಇನ್ನೊಂದರ ಮೇಲೆ ಆಡಿಸಿದರು. ನನ್ನ ಹೊಲಿಗೆಯಲ್ಲಿ ಅವರ ಉಂಗುರ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಂಡು, ನನ್ನ ಮುಖ ನೋಡದೆ, ಕುರ್ಚಿಯ ಕಡೆಗೆ ತಿರುಗಿದರು.

"ಕಾಕೂ, ತೀ ತುಮಚೀ ಹೋತೀ ನಾ?" ಚಿಕ್ಕಮ್ಮ, ಅದು ನಿಮ್ಮದಾಗಿತ್ತು, ಅಲ್ಲವೆ?

"ಮೀ ಫಕ್ತ..." ಎಂದು ಮತ್ತೆ ಅದೇ ರೊಟ್ಟಿಯ ಮಾತು ಶುರುಮಾಡಿದ ಸಾವಂತ್ರವ್ವನಿಗೆ ಮಾತು ಮುಗಿಸಲಾಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ಕುರ್ಚಿ ಅಲುಗಾಡುವಂತೆ ನಕ್ಕಳು. ನಾನು ಹೇಳಿದಾಗ ಇನ್ನೂರು ಜನ ನಂಬದ ಸತ್ಯವನ್ನು ನನ್ನ ಕೆಟ್ಟ ಹೊಲಿಗೆ ಒಂದೇ ಏಟಿಗೆ ನಂಬಿಸಿತ್ತು. ಹೊಸ ಪ್ರಮಾಣಪತ್ರ ಬಂತು. ಅದರಲ್ಲಿ ಸಾವಂತ್ರವ್ವ ಕೊಪ್ಪದ ಎಂದು ದಪ್ಪ ಅಕ್ಷರಗಳಿದ್ದವು. ಶಾಲನ್ನು ನಾನೇ ಎರಡೂ ಕೈಯಿಂದ ಆಕೆಗೆ ಹೊದಿಸಿದೆ. "ಈಗ ಸರಿ ಆತು" ಎಂದಳು. ಅಷ್ಟೇ ಅಲ್ಲ, ಈ ವರ್ಷದ ಪ್ರದರ್ಶನಕ್ಕೆ ಆಕೆಯನ್ನೇ ತೀರ್ಪುಗಾರರಲ್ಲಿ ಒಬ್ಬಳನ್ನಾಗಿ ಕರೆದರು.

ನಾನು ಛಲ ಬಿಡದೆ ನನ್ನ ಕೌದಿಯನ್ನೂ ಕಳಿಸಿದೆ. ಅಲ್ಲಿ ಹೆಸರು ಕಾಣುವುದಿಲ್ಲ, ನಂಬರು ಮಾತ್ರ. ನನ್ನದು ಮೂವತ್ತೊಂದು. ತೀರ್ಪುಗಾರರು ಬಿಳಿಯ ಕೈಗವಸು ತೊಟ್ಟು ಸಾಲಾಗಿ ನಡೆದು ಬಂದರು. ಕಂಬದ ಮರೆಯಲ್ಲಿದ್ದ ನಾನು ಒಮ್ಮೆ ಕೆಮ್ಮಿದೆ. ಸಾವಂತ್ರವ್ವ ತಿರುಗಿ ನೋಡಲಿಲ್ಲ. ಮೂವತ್ತೊಂದರ ಮುಂದೆ ಬಹಳ ಹೊತ್ತು ನಿಂತಳು. ತಲೆ ಬಾಗಿಸಿ ನೋಡಿ, ಚೀಟಿಯಲ್ಲಿ ಏನೋ ಬರೆದು, ಮುಂದೆ ಹೋದಳು. ಬಹಳ ಹೊತ್ತು ನಿಂತಳೆಂದು ನನಗೆ ಆಸೆ ಹುಟ್ಟಿತು. ಬಹುಮಾನದ ಪಟ್ಟಿಯಲ್ಲಿ ಆ ನಂಬರು ಕಾಣಲಿಲ್ಲ.

ಮರಳುವಾಗ ರಿಕ್ಷಾದಲ್ಲಿ ತಡೆಯಲಾರದೆ ಕೇಳಿದೆ. "ಮೂವತ್ತೊಂದು ನಂದ ಅಂತ ನಿನಗ ಗುರ್ತ ಸಿಗಲಿಲ್ಲೇನು?"

"ಅಯ್ಯ, ಸಿಗಲಾರದ ಏನ್ರೀ? ದೂರದಿಂದನ ಸಿಕ್ತು. ಅದಕ್ಕ ಮತ್ತ, ಮನೀಯವರು ಅಂತ ಒಂದು ಮಾರ್ಕ್ಸ ಜಾಸ್ತಿನ ಹಾಕೀನಿ."

ನನ್ನ ಎದೆ ತಂಪಾಯಿತು. "ಹೌದಾ? ಎಲ್ಲಾ ಕೂಡಿ ಹತ್ತಕ್ಕ ಎಷ್ಟಾತು?"

"ಒಂದು."