ಆತ್ಮೀಯ ಗ್ರಾಹಕಗಳೇ!

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿದವನಿಗೆ ಒಂದು ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತರುವುದು ಯಾವ ಮಹಾ ಕೆಲಸ? ಹೀಗಂತ ನಾನು ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಕತ್ರಿಗುಪ್ಪೆಯ ನಮ್ಮ ಮನೆಯಲ್ಲಿ, ಊಟಕ್ಕೆ ಕೂತು, ಅನ್ನಕ್ಕೆ ಹುಳಿ ಕಲಸುತ್ತಾ ಗಟ್ಟಿಯಾಗಿ ಹೇಳಿಯೂಬಿಟ್ಟೆ.

ಹೇಳಿದ್ದು ಮಗಳು ಮೇಘಾಳಿಗೆ. ಅವಳು ಮಿದುಳಿನ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಇಲಿಗಳಿಗೆ ಗಾಬರಿ ಯಾಕಾಗುತ್ತದೆ ಅನ್ನುವುದು ಅವಳ ವಿಷಯ. "ಬೆಕ್ಕು ಕಂಡ್ರೆ ಆಗತ್ತೆ, ಇದಕ್ಕೆ ಪಿಎಚ್.ಡಿ. ಬೇಕಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಈಗ ಅವಳ ಗೈಡ್ ಮೇಡಂ ಒಂದು ಷರತ್ತು ಹಾಕಿದ್ದರು. ತನ್ನ ಕೆಲಸವನ್ನು ಸಾಮಾನ್ಯ ಜನರಿಗೆ ಕನ್ನಡದಲ್ಲಿ ಅರ್ಥಮಾಡಿಸಿ ತೋರಿಸಬೇಕು. ಮೇಡಂ ಬಂದು ಕೂತು ಕೇಳುತ್ತಾರೆ. ಚೆನ್ನಾಗಿ ಆದರೆ ಮೈಸೂರಿನ ಸಮ್ಮೇಳನದಲ್ಲಿ ಮಾತಾಡುವ ಅವಕಾಶ ಅವಳದೇ. ಆದರೆ ಮೇಘಾಳಿಗೆ ವೇದಿಕೆ ಎಂದರೆ ಜೀವ ಬಾಯಿಗೆ ಬರುತ್ತದೆ. ಏಳನೇ ಕ್ಲಾಸಿನಲ್ಲಿ ಭಾಷಣಕ್ಕೆ ನಿಂತು "ಮಾನ್ಯರೇ" ಎಂದವಳು, ಮುಂದಿನದು ಮರೆತು ಅಳುತ್ತಾ ಇಳಿದು ಬಂದಿದ್ದಳು. ಅಂದಿನಿಂದ ಮೈಕು ಮುಟ್ಟಿಲ್ಲ. ಗಾಬರಿಯ ಮೇಲೆ ಸಂಶೋಧನೆ ಮಾಡುವವಳಿಗೇ ಗಾಬರಿ!

"ಅಪ್ಪಾ, ರಿಸೆಪ್ಟರ್‌ಗೆ ಕನ್ನಡದಲ್ಲಿ ಏನಂತಾರೆ?"

"ಮೊದಲು ಅದೇನು ಅಂತ ಹೇಳು."

"ಟೆನ್ಷನ್ ಆದಾಗ ಮೈಯಲ್ಲಿ ಒಂದು ಹಾರ್ಮೋನ್ ಬಿಡುಗಡೆ ಆಗತ್ತೆ. ಅದು ರಕ್ತದಲ್ಲಿ ಮಿದುಳಿಗೂ ಹೋಗತ್ತೆ. ಅಲ್ಲಿನ ಜೀವಕೋಶಗಳಲ್ಲಿ ಅದನ್ನ ಹಿಡ್ಕೊಳ್ಳೋಕೇ ಅಂತ ಪ್ರೋಟೀನ್‌ಗಳಿವೆ. ಅವೇ ರಿಸೆಪ್ಟರ್. ಅವು ಎಷ್ಟಿವೆ, ಹೇಗೆ ಕೆಲಸ ಮಾಡ್ತವೆ ಅನ್ನೋದರ ಮೇಲೆ ನಮ್ಮ ಆತಂಕ, ನಡವಳಿಕೆ ಎಲ್ಲಾ ಬದಲಾಗತ್ತೆ."

"ಗ್ರಹಿಸೋದು ಗ್ರಾಹಕ! ಬಹುವಚನ ಗ್ರಾಹಕಗಳು. ಮುಗೀತು!"

"ಗ್ರಾಹಕ ಅಂದ್ರೆ ಅಂಗಡಿಗೆ ಬರೋರಲ್ವೇನ್ರೀ?" ಅಡುಗೆಮನೆಯಿಂದ ನನ್ನ ಹೆಂಡತಿ ವತ್ಸಲಾಳ ದನಿ.

"ಅಂಗಡಿಗೆ ಬರೋರು ಗ್ರಾಹಕರು. ಮಿದುಳಲ್ಲಿರೋದು ಗ್ರಾಹಕಗಳು. 'ರು', 'ಗಳು', ಅಷ್ಟೇ ವ್ಯತ್ಯಾಸ. ವ್ಯಾಕರಣ ಗೊತ್ತಿರೋರಿಗೆ ಗೊಂದಲವೇ ಇಲ್ಲ."

"ಗೊತ್ತಿಲ್ದೇ ಇರೋರಿಗೆ?"

ನಾನು ಮಜ್ಜಿಗೆ ಕೇಳಿ ಮಾತು ಬದಲಾಯಿಸಿದೆ.

ಅವಳ ಭಾಷಣಕ್ಕೆ ನಮ್ಮ ಬಡಾವಣೆಯ ಸಂಘದ ಸಭಾಂಗಣ ಭಾನುವಾರ ಬೆಳಿಗ್ಗೆಗೆ ಸಿಕ್ಕಿತು. ಸಂಘದ ಕಾರ್ಯದರ್ಶಿ ನಾಗೇಶ ನನ್ನ ಹಳೆಯ ವಿದ್ಯಾರ್ಥಿ. "ಒತ್ತಡ, ಆತಂಕ ಮತ್ತು ನಮ್ಮೊಳಗಿನ ಗ್ರಾಹಕಗಳು" ಎಂದು ನೋಟೀಸಿಗೆ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟೆ. ಅವನು ಟೈಪ್ ಮಾಡಿ, ಪ್ರಕಟಿಸುವ ಮೊದಲು ನನಗೆ ವಾಟ್ಸಾಪಿನಲ್ಲಿ ಕಳಿಸಿ "ಸರಿ ಇದೆಯಾ ಮೇಷ್ಟ್ರೇ?" ಎಂದು ಕೇಳಿದ. ಕನ್ನಡಕ ಒಳಗಿನ ಕೋಣೆಯಲ್ಲಿತ್ತು, ನಾನು ಹೊರಗಿದ್ದೆ. ಹೆಬ್ಬೆರಳಿನ ಚಿತ್ರ ಒತ್ತಿಬಿಟ್ಟೆ.

ಭಾನುವಾರ ಹೋಗಿ ನೋಡಿದರೆ ಸಭಾಂಗಣ ಭರ್ತಿ! ನಿಲ್ಲಲೂ ಜಾಗವಿಲ್ಲ. ಕನ್ನಡದಲ್ಲಿ ವಿಜ್ಞಾನ ಕೇಳಲು ಜನರಿಗೆ ಇಷ್ಟು ಹಸಿವೇ ಎಂದು ನನಗೆ ಕಣ್ಣು ತುಂಬಿ ಬಂತು. ಒರೆಸಿಕೊಂಡು ನೋಡಿದೆ. ಮೊದಲ ಸಾಲಿನಲ್ಲಿ ಕೂತಿದ್ದ ಪಕ್ಕದ ರಸ್ತೆಯ ಸರೋಜಮ್ಮನವರ ತೊಡೆಯ ಮೇಲೆ ಒಂದು ಮಿಕ್ಸಿ ಇತ್ತು.

"ಏನ್ ಸರೋಜಮ್ಮನೋರೇ, ಮಿಕ್ಸಿ?"

"ಬರೀ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ ಮೇಷ್ಟ್ರೇ? ವಾರಂಟಿ ಇದ್ರೂ ರಿಪೇರಿ ಮಾಡ್ಕೊಡಲ್ಲ ಅಂತಾರೆ. ನಿಮ್ಮ ಮಗಳು ಅಷ್ಟು ಓದಿದಾಳೆ, ಒಂದು ದಾರಿ ತೋರಿಸ್ತಾಳೆ ಬಿಡಿ."

ಹಿಂದಿನ ಸಾಲುಗಳಲ್ಲಿ ಒಂದು ಕುಕ್ಕರ್ ಕಂಡಿತು, ಒಂದು ಇಸ್ತ್ರಿಪೆಟ್ಟಿಗೆ ಕಂಡಿತು, ಅರ್ಧ ಬಿಚ್ಚಿದ ಗೀಸರ್ ಕೂಡ ಕಂಡಿತು. ಬಾಗಿಲಿಗೆ ಓಡಿ, ಕನ್ನಡಕ ಹಾಕಿಕೊಂಡು ನೋಟೀಸು ಓದಿದೆ. "ಒತ್ತಡ, ಆತಂಕ ಮತ್ತು ನಮ್ಮೊಳಗಿನ ಗ್ರಾಹಕರು." ಕೆಳಗೆ ದಪ್ಪ ಅಕ್ಷರದಲ್ಲಿ, "ನಿಮ್ಮ ಸಮಸ್ಯೆಗಳಿಗೆ ಸ್ಥಳದಲ್ಲೇ ಪರಿಹಾರ!"

"ಏನೋ ಇದು ನಾಗೇಶ? ನಾನು ಗ್ರಾಹಕಗಳು ಅಂತ ಬರೆದಿದ್ದೆ!"

"ಹೌದು ಮೇಷ್ಟ್ರೇ, ಏನೋ ಕಣ್ತಪ್ಪಾಗಿತ್ತು, ತಿದ್ದಿದೆ. ಜನ ಬರ್ಲಿ ಅಂತ ಕೆಳಗೊಂದು ಲೈನ್ ಸೇರಿಸ್ದೆ. ಒಂಬತ್ತನೇ ಕ್ಲಾಸಲ್ಲಿ 'ಹುಡುಗಗಳು' ಅಂತ ಬರೆದಿದ್ದಕ್ಕೆ ನನ್ನನ್ನ ಬೆಂಚ್ ಮೇಲೆ ನಿಲ್ಲಿಸಿದ್ರಿ ನೀವು. ಮರೆಯೋಕಾಗತ್ತಾ?"

ನನ್ನ ಪಾಠವನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡ ಶಿಷ್ಯ ಇಷ್ಟು ವರ್ಷದಲ್ಲಿ ಇವನೊಬ್ಬನೇ. ಅವನೇ ಕಾರ್ಯದರ್ಶಿಯಾಗಬೇಕಿತ್ತೇ!

ಅಷ್ಟರಲ್ಲಿ ಮೇಘಾ ಬಂದಳು. ಮಿಕ್ಸಿ ನೋಡಿದಳು, ಗೀಸರ್ ನೋಡಿದಳು, ನೋಟೀಸು ಓದಿದಳು. ಮುಖ ಬಿಳಿಚಿಕೊಂಡಿತು. ಎರಡನೇ ಸಾಲಿನಲ್ಲಿ ಗೈಡ್ ಮೇಡಂ ಆಗಲೇ ಬಂದು ಕೂತಿದ್ದರು.

"ಅಪ್ಪಾ, ನನ್ ಕೈಲಾಗಲ್ಲ. ಮನೆಗೆ ಹೋಗ್ತೀನಿ."

"ನೀನು ಸುಮ್ನಿರು. ನಾನು ಸರಿ ಮಾಡ್ತೀನಿ."

ವತ್ಸಲಾ ಹಣೆ ಹಣೆ ಚಚ್ಚಿಕೊಂಡಳು. ನಲ್ಲಿ ರಿಪೇರಿಗೆ ಕೂತಾಗಲೂ ನಾನು ಇದೇ ಮಾತು ಹೇಳಿದ್ದೆ. ಆಮೇಲೆ ಕೆಳಗಿನ ಮನೆಯವರ ಛಾವಣಿ ಸೋರಿತ್ತು.

ವೇದಿಕೆ ಹತ್ತಿದೆ. ಎರಡೇ ಎರಡು ವಾಕ್ಯ ಹೇಳಿ ಇಳಿದರಾಯಿತು ಎಂದು ಮೈಕು ಹಿಡಿದೆ. ಜೀವಮಾನವಿಡೀ ಮಕ್ಕಳ ಮುಂದೆ ನಿಂತವನು ನಾನು. ಆದರೆ ಮಕ್ಕಳ ಕೈಯಲ್ಲಿ ಕುಕ್ಕರ್ ಇರುತ್ತಿರಲಿಲ್ಲ. ಎದೆ ಡವಡವ ಎಂದಿತು, ಬಾಯಿ ಒಣಗಿತು. "ಆತ್ಮೀಯ ಬಂಧುಗಳೇ, ಇದು ಗ್ರಾಹಕರ ಸಭೆಯಲ್ಲ" ಎನ್ನಬೇಕಿತ್ತು.

"ಆತ್ಮೀಯ ಗ್ರಾಹಕಗಳೇ!" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಗಳು ಅಂತೆ!" ಸರೋಜಮ್ಮನವರು ಎದ್ದೇ ನಿಂತರು. "ನಾವೇನು ದನಗಳಾ ಮೇಷ್ಟ್ರೇ?"

"ಅಯ್ಯೋ, ಅಲ್ಲಮ್ಮಾ! ನೀವ್ಯಾರೂ ನಿಜವಾದ ಗ್ರಾಹಕರಲ್ಲ. ನಿಜವಾದ ಗ್ರಾಹಕಗಳು ಇಲಿಗಳ ತಲೆಯಲ್ಲಿವೆ!"

"ನಾವು ನಿಜವಾದ ಗ್ರಾಹಕರಲ್ವೇನ್ರೀ? ಬಿಲ್ ಇದೆ ನೋಡ್ರೀ!" ಎಂದು ಗೀಸರಿನವರು ಕೂಗಿದರು. ಸಭಾಂಗಣದ ತುಂಬ ಕೈಗಳು ಮೇಲೆದ್ದವು, ಪ್ರತಿ ಕೈಯಲ್ಲೂ ಒಂದು ಬಿಲ್ಲು. ನನಗೆ ಮೂರನೆಯ ವಾಕ್ಯ ಹುಟ್ಟಲೇ ಇಲ್ಲ. ಮಗಳ ಬದುಕಿನ ಒಂದು ಅವಕಾಶವನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲ!

ಯಾರೋ ನನ್ನ ಕೈಯಿಂದ ಮೈಕು ತೆಗೆದುಕೊಂಡರು. ಮೇಘಾ!

"ಮಾನ್ಯರೇ," ಎಂದಳು. ನಿಂತಳು. ನನ್ನ ಉಸಿರೂ ನಿಂತಿತು. ಅವಳು ನನ್ನ ಕಡೆ ತಿರುಗಿ ನೋಡಿದಳು.

"ಮಾನ್ಯರೇ, ನಮ್ಮಪ್ಪನ್ನ ನೋಡಿ. ಹಣೆ ಬೆವರಿದೆ, ಕೈ ನಡುಗ್ತಿದೆ, ಗೊತ್ತಿರೋ ಮಾತೇ ಮರೆತುಹೋಗಿದೆ. ಇವರ ಮಿದುಳಲ್ಲಿ ಈಗ ಏನಾಗ್ತಿದೆ ಅಂತ ಹೇಳೋಕೇ ನಾನು ಬಂದಿರೋದು."

ಬಿಲ್ಲುಗಳು ನಿಧಾನವಾಗಿ ಕೆಳಗಿಳಿದವು. ಎಲ್ಲರೂ ನನ್ನನ್ನೇ ನೋಡತೊಡಗಿದರು. ಇಳಿಯಲು ಹೋದರೆ, "ಅಪ್ಪಾ, ಅಲ್ಲೇ ನಿಂತಿರಿ" ಎಂದಳು.

"ಟೆನ್ಷನ್ ಹಾರ್ಮೋನ್ ಒಂದು ಪಾರ್ಸಲ್ ಅಂದ್ಕೊಳಿ. ಮಿದುಳಲ್ಲಿ ಅದನ್ನ ತಗೊಳ್ಳೋ ಗ್ರಾಹಕರಿದ್ದಾರೆ."

'ಗ್ರಾಹಕಗಳು' ಎಂದು ತಿದ್ದಲು ಬಾಯಿ ತೆರೆದೆ. ಕೆಳಗಿನಿಂದ ವತ್ಸಲಾ ಕಣ್ಣು ಬಿಟ್ಟಳು. ಮುಚ್ಚಿಕೊಂಡೆ.

"ತಗೊಂಡೋರು 'ಬಂತು, ಸಾಕು, ಇನ್ನು ಕಳಿಸಬೇಡಿ' ಅಂತ ಫೋನ್ ಮಾಡ್ತಾರೆ. ಕಳಿಸೋದು ನಿಲ್ಲತ್ತೆ, ಮನಸ್ಸು ಹತೋಟಿಗೆ ಬರತ್ತೆ. ಆದ್ರೆ ಆ ಗ್ರಾಹಕರೇ ಕಮ್ಮಿ ಇದ್ರೆ? ಸಾಕು ಅನ್ನೋರಿಲ್ಲ. ಬರ್ತಾನೇ ಇರತ್ತೆ."

"ಗೇಟ್ ತುಂಬಾ ಪಾರ್ಸಲ್ಲು!" ಎಂದರು ಸರೋಜಮ್ಮ.

"ಹೂಂ ಆಂಟಿ. ಹಾಗಾದಾಗ ಕುಕ್ಕರ್ ಸೀಟಿಗೂ ಬೆಚ್ಚಿಬೀಳಬಹುದು. ಹೊರಗೆ ಹೋಗೋದೇ ಬೇಡ ಅನ್ನಿಸಬಹುದು. ನಮ್ಮ ಇಲಿಗಳೂ ಅಷ್ಟೇ, ಮೂಲೆ ಬಿಟ್ಟು ಬರಲ್ಲ."

ಸರೋಜಮ್ಮ ಮಿಕ್ಸಿಯನ್ನು ಕುರ್ಚಿಯ ಕೆಳಗಿಟ್ಟರು. "ನಮ್ಮನೆಯವರು ಹೋದ್ಮೇಲೆ ನನಗೂ ಹಾಗೇ ಆಗಿತ್ತು ಕಣಮ್ಮಾ. ಎಲ್ರೂ ಧೈರ್ಯ ತಂದ್ಕೊ ಅಂತ ಬೈತಿದ್ರು."

"ಬರೀ ಧೈರ್ಯದ ವಿಷಯ ಅಲ್ಲ ಆಂಟಿ, ಮೈಯೊಳಗಿನ ವಿಷಯಾನೂ ಹೌದು. ಅದಕ್ಕೆ ಡಾಕ್ಟರಿದ್ದಾರೆ. ನಾಚಿಕೆ ಪಡೋದೇನಿಲ್ಲ."

ಆಮೇಲೆ ಶುರುವಾದ ಪ್ರಶ್ನೆಗಳು ತಿಂಡಿಗೆಂದು ತರಿಸಿದ್ದ ಕೇಸರಿಬಾತು ಆರಿ ತಣ್ಣಗಾಗುವವರೆಗೆ ಮುಗಿಯಲಿಲ್ಲ. ಒಂದು ಪ್ರಶ್ನೆಯೂ ಗೀಸರಿನದಾಗಿರಲಿಲ್ಲ.

ಕಾಫಿ ಹಿಡಿದು ಗೈಡ್ ಮೇಡಂ ನಮ್ಮ ಹತ್ತಿರ ಬಂದರು. "ಮೇಘಾ, ಮೈಸೂರಿಗೆ ನೀನೇ. ತಂದೇನೂ ಕರ್ಕೊಂಡ್ ಬಾ. ಇಷ್ಟು ಸ್ಪಷ್ಟವಾದ ಲಕ್ಷಣಗಳು ನಮ್ಮ ಲ್ಯಾಬಲ್ಲೂ ಸಿಗಲ್ಲ."

"ಒಳ್ಳೇದಾಯ್ತು ಬಿಡಿ ಮೇಡಂ," ಎಂದಳು ವತ್ಸಲಾ. "ಇಲಿ ಸಾಕೋ ಖರ್ಚು ಉಳೀತು."

ಮೈಸೂರಿಗೆ ಟಿಕೆಟ್ ಆಗಿದೆ. ವೇದಿಕೆಯ ಮೇಲೆ ಬೆವರುತ್ತಾ ನಿಂತಿರಬೇಕು, ಬಹುವಚನದ ಬಗ್ಗೆ ತುಟಿ ಬಿಚ್ಚಕೂಡದು ಎಂದು ಮಗಳ ಕಟ್ಟಪ್ಪಣೆ. ಒಪ್ಪಿಕೊಂಡಿದ್ದೇನೆ. ಇಲಿಗೆ ವ್ಯಾಕರಣ ಯಾಕೆ ಬೇಕು!