ಗೋಪುರದ ಬಾಗಿಲಿಗೆ ಪೊರಕೆ

ಎಲ್ಲಕ್ಕೂ ಮೂಲ ಒಂದು ಒದ್ದೆ ಪೊರಕೆ.

ನಮ್ಮೂರ ಕಾವಲು ಗೋಪುರಕ್ಕೆ ಆರುನೂರು ವರ್ಷ, ಅದನ್ನು ನೋಡಿಕೊಳ್ಳುವ ಎಕೆಹಾರ್ಟನಿಗೆ ಅರವತ್ತೆರಡು. ಇಬ್ಬರಲ್ಲಿ ಹೆಚ್ಚು ಬಿರುಕು ಬಿಟ್ಟವನು ತಾನೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅವತ್ತು ಮಧ್ಯಾಹ್ನ ಮೂರಕ್ಕೆ ಹಳೆಯ ಕಟ್ಟಡಗಳ ಕಚೇರಿಯಿಂದ ಅಧಿಕಾರಿ ಬರುವವರಿದ್ದರು. ಗೋಪುರ ತೆರೆದಿರಬೇಕೋ ಮುಚ್ಚಬೇಕೋ ಎಂಬುದು ಅವರ ಕೈಯಲ್ಲಿತ್ತು. ಹೋದ ವರ್ಷ ಗೋಪುರ ಹತ್ತಿದವರು ಹತ್ತೊಂಬತ್ತೇ ಜನ, ಅದರಲ್ಲೂ ನಾಲ್ವರು ಮಳೆಗೆ ಹೆದರಿ ಒಳಗೆ ನುಗ್ಗಿದವರು. ಮುಚ್ಚಿದರೆ ಇಪ್ಪತ್ತು ವರ್ಷದಿಂದ ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈಯನ್ನು ಒಪ್ಪಿಸಿ ಮನೆಗೆ ಹೋಗಬೇಕು. ಅದನ್ನು ನೆನೆದರೇ ಅವನಿಗೆ ಅನ್ನನೀರು ಸೇರುತ್ತಿರಲಿಲ್ಲ. ಬೆಳಿಗ್ಗೆಯಿಂದ ಮೆಟ್ಟಿಲು ತೊಳೆದು, ಕಡ್ಡಿಪೊರಕೆಯನ್ನು ಒಣಗಲೆಂದು ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ, ಕೋಟು ಬದಲಿಸಲು ಒಳಗೆ ಹೋದ.

ದ್ರಾಕ್ಷಿ ಬೆಳೆಯುವ ನಮ್ಮ ಕಡೆ ಬಾಗಿಲಿಗೆ ಪೊರಕೆ ಬಿತ್ತೆಂದರೆ ಅರ್ಥ ಒಂದೇ: ಈ ಮನೆಯ ಹೊಸ ವೈನ್ ತಯಾರಾಗಿದೆ, ಬಂದು ಕೂತು ಕುಡಿಯಿರಿ. ಎಕೆಹಾರ್ಟನಿಗೆ ಇದು ಗೊತ್ತಿಲ್ಲದ್ದಲ್ಲ. ಅವತ್ತು ಅವನ ತಲೆ ಕೆಟ್ಟಿತ್ತು, ಅಷ್ಟೇ.

ಮೊದಲು ಬಂದವರು ನಿವೃತ್ತ ಅಂಚೆಯವರಾದ ಬೋಪ್ಲೆ. ಊರಿನ ಎಲ್ಲರ ವಿಷಯವೂ ಅವರಿಗೆ ಬೇಕು.

"ಏನಯ್ಯಾ, ಒಂದು ಮಾತೂ ಹೇಳ್ಲಿಲ್ಲ! ಗೋಪುರದಲ್ಲೇ ಶುರು ಹಚ್ಕೊಂಡ್ಯಾ?"

"ಏನ್ ಶುರು?"

"ನಾಟಕ ಬೇಡ. ಬಾಗಿಲಲ್ಲಿ ಪೊರಕೆ ನೋಡೇ ಬಂದಿದೀನಿ."

ಎಕೆಹಾರ್ಟನಿಗೆ ತಾನು ಮಾಡಿದ ಎಡವಟ್ಟು ಆಗ ಅರ್ಥವಾಯಿತು. ಪೊರಕೆ ಕೀಳಲು ಓಡಿದರೆ, ದ್ರಾಕ್ಷಿ ಕೊಯ್ದು ಬಂದ ಎಂಟು ಜನ ಆಗಲೇ ಹೊಸ್ತಿಲಲ್ಲಿ ಬೂಟಿನ ಮಣ್ಣು ಕೊಡವುತ್ತಿದ್ದರು. ಗಡಿಯಾರ ಎರಡು ತೋರಿಸುತ್ತಿತ್ತು. ಅವನಿಗೆ ತಟ್ಟನೆ ಹೊಳೆಯಿತು: ಇವರೆಲ್ಲ ಗೋಪುರ ನೋಡಲು ಬಂದವರೇ ಅಲ್ಲವೇ! ಅಧಿಕಾರಿಗೆ ಬೇಕಾದದ್ದೂ ಇದೇ ತಾನೆ?

"ಕೂರೋ ಜಾಗ ಮೇಲಿದೆ, ಹತ್ತಿ ಹತ್ತಿ!" ಎಂದ.

ಬೋಪ್ಲೆ ಸುಮ್ಮನಿರುವ ಜಾತಿಯಲ್ಲ. ತಮ್ಮ ಹಾಡಿನ ಸಂಘದವರಿಗೆಲ್ಲ ಫೋನ್ ಮಾಡಿದರು. ಎರಡೂವರೆಗೆ ಮೆಟ್ಟಿಲ ತುಂಬ ಜನ. ಎಕೆಹಾರ್ಟ್ ಗಂಟಲು ಸರಿಮಾಡಿಕೊಂಡು, ಇಪ್ಪತ್ತು ವರ್ಷದಿಂದ ಕಂಠಪಾಠವಾಗಿದ್ದ ಭಾಷಣ ತೆಗೆದ.

"ಈ ಗೋಪುರ ಕಟ್ಟಿದ ಕಾಲಕ್ಕೆ..."

"ಮೊದ್ಲು ವೈನ್ ತಾರಯ್ಯಾ, ಆಮೇಲೆ ಇತಿಹಾಸ!"

ಅಷ್ಟರಲ್ಲಿ ಎದುರು ಮನೆಯ ಗೆರ್ಲಿಂಡೆ ಸೊಂಟಕ್ಕೆ ಕೈಕೊಟ್ಟು ಬಂದು ನಿಂತಳು. ಸೋಮವಾರದಿಂದ ಅವಳ ಬಾಗಿಲಲ್ಲೂ ಪೊರಕೆ ತೂಗುತ್ತಿತ್ತು.

"ನನ್ನ ಗಿರಾಕಿಗಳನ್ನೆಲ್ಲಾ ಇಲ್ಲಿಗೆ ಎಳ್ಕೊಂಡ್ಯಲ್ಲೋ! ನಿನ್ನ ಹತ್ರ ದ್ರಾಕ್ಷಿ ತೋಟ ಎಲ್ಲಿಂದ ಬಂತು?"

ಅವನು ಅವಳನ್ನು ಮೂಲೆಗೆ ಕರೆದು ಎಲ್ಲವನ್ನೂ ಹೇಳಿದ. ಗೆರ್ಲಿಂಡೆಯ ಕೈ ಸೊಂಟದಿಂದ ಇಳಿಯಿತು.

"ಹುಚ್ಚಪ್ಪಾ, ಮೊದ್ಲೇ ಹೇಳೋಕೆ ನಿಂಗೇನು ಬಾಯಿರ್ಲಿಲ್ವಾ?"

ಹತ್ತೇ ನಿಮಿಷದಲ್ಲಿ ಅವಳ ನೆಲಮಾಳಿಗೆಯಿಂದ ನೊರೆಯಾಡುವ ಹೊಸ ವೈನಿನ ಹೂಜಿಗಳು, ಒಲೆಯಿಂದ ಆಗಷ್ಟೇ ತೆಗೆದ ಈರುಳ್ಳಿ ಕೇಕು, ಲೋಟಗಳು ಕೈಯಿಂದ ಕೈಗೆ ಗೋಪುರ ಹತ್ತಿದವು. ಮೇಲಿನಿಂದ ಹಾಡು ಕೇಳಿಸತೊಡಗಿತು. ಎಕೆಹಾರ್ಟ್ ಗೋಡೆಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಎಂಥ ನೆರೆಹೊರೆ ಕೊಟ್ಟೆಯಪ್ಪಾ ದೇವರೇ ಎಂದು ಅವನ ಮನಸ್ಸು ತುಂಬಿ ಬಂದಿತ್ತು.

ಮೂರು ಗಂಟೆಗೆ ಸರಿಯಾಗಿ ಅಧಿಕಾರಿ ಕೀನ್ಸ್ಲೆ ಮೇಡಂ ಬಂದರು. ಒಂದೊಂದೇ ತಲೆ ಎಣಿಸುತ್ತಾ ಮೇಲೆ ಹತ್ತಿ, ಎಣಿಸುತ್ತಾ ಕೆಳಗಿಳಿದರು. ಅವರ ಹಿಂದೆ ಮೆಟ್ಟಿಲು ನರಳಿತು.

"ಐವತ್ಮೂರು," ಎಂದರು.

"ಹೌದು ಮೇಡಂ!" ಎಕೆಹಾರ್ಟ್ ಎದೆಯುಬ್ಬಿಸಿದ.

ಅವರು ಚೀಲದಿಂದ ಒಂದು ಕಾಗದ ತೆಗೆದರು. "ಇದನ್ನ ನಿಮಗೆ ಕೊಡೋಣ ಅಂತ ಬರೆದೇ ತಂದಿದ್ದೆ. ವರ್ಷಕ್ಕೆ ಹತ್ತೊಂಬತ್ತೇ ಜನ ಹತ್ತೋದ್ರಿಂದ ಹಳೇ ಮರದ ಮೆಟ್ಟಿಲಿಗೆ ಏನೂ ಅಪಾಯ ಇಲ್ಲ, ಗೋಪುರ ತೆರೆದೇ ಇರ್ಲಿ, ಅಂತ." ಕಾಗದ ಎರಡು ತುಂಡಾಯಿತು. "ಐವತ್ಮೂರು ಜನ ಅಂದ್ರೆ ಈ ಮೆಟ್ಟಿಲು ತಡೆಯೋಲ್ಲ ಕಣ್ರೀ. ರಿಪೇರಿ ಆಗೋವರೆಗೂ ಮುಚ್ಚಿ."

"ಎಷ್ಟು ದಿನ ಮೇಡಂ?"

"ದಿನಾನಾ?" ಎಂದು ಅವರು ಕನಿಕರದಿಂದ ನೋಡಿದರು.

ಎಲ್ಲರೂ ಲೋಟ ಹಿಡಿದು ಸಾಲಾಗಿ ಇಳಿದರು. ಬಾಗಿಲು ಮುಚ್ಚಿತು, ಬೀಗದ ಕೈ ಮೇಡಂ ಚೀಲಕ್ಕೆ ಹೋಯಿತು. ಬೋಪ್ಲೆಯವರು ತಮ್ಮ ಬೂಟನ್ನೇ ನೋಡುತ್ತಿದ್ದರು.

"ನೀವ್ಯಾರೂ ಬೇಜಾರು ಮಾಡ್ಕೋಬೇಡಿ," ಎಂದ ಎಕೆಹಾರ್ಟ್. "ಇಪ್ಪತ್ತು ವರ್ಷದಲ್ಲಿ ಈ ಗೋಪುರದೊಳಗೆ ಇಷ್ಟು ನಗು ನಾನು ಕೇಳಿರ್ಲಿಲ್ಲ. ಬಂದ್ರಲ್ಲ, ಅದೇ ದೊಡ್ಡದು. ನಿಮ್ಮ ಉಪಕಾರ ಮರೆಯೋಲ್ಲ."

ತನ್ನದೆಂದು ಉಳಿದಿದ್ದ ಪೊರಕೆಯನ್ನು ಕಿತ್ತು ಹೆಗಲಿಗೇರಿಸಿ ಮನೆಯತ್ತ ನಡೆದ. ಬೀದಿ ತಿರುಗುವಾಗ ಹಿಂದೆ ಹೆಜ್ಜೆಗಳ ಸದ್ದು. ನೋಡಿದರೆ ಐವತ್ಮೂರು ಜನವೂ ಬರುತ್ತಿದ್ದಾರೆ, ಮುಂದೆ ಹೂಜಿ ಹಿಡಿದ ಗೆರ್ಲಿಂಡೆ.

"ಇದೇನಿದು?"

"ಪೊರಕೆ ಹೋದ ಕಡೆ ನಾವೂ," ಎಂದರು ಬೋಪ್ಲೆ. "ನಿನ್ನ ಭಾಷಣ ಬೇರೆ ಅರ್ಧಕ್ಕೇ ನಿಂತಿದೆ."

ಮನೆ ಬಾಗಿಲಲ್ಲಿ ಹೆಂಡತಿ ಇರ್ಮ್‌ಟ್ರಾಟ್ ಜನರನ್ನು ಕಂಡು ಬೆಚ್ಚಿದರೂ, ಅವಳ ಕಣ್ಣು ಮೊದಲು ಹೋದದ್ದು ಪೊರಕೆಯ ಮೇಲೆ.

"ಅಯ್ಯೋ, ಒದ್ದೆ ಪೊರಕೆ ಒಳಗ್ ತರ್ಬೇಡಿ! ಆ ಬಾಗಿಲ ಮೇಲೆ ನೇತುಹಾಕಿ!"

ಅವಳು ಹೇಳಿದಂತೆಯೇ ಅವನು ಮಾಡಿದ. ಜನ ಹೋ ಎಂದು ಒಳಗೆ ನುಗ್ಗಿದರು. ಅಡುಗೆಮನೆ ತುಂಬಿತು, ನಡುಮನೆ ತುಂಬಿತು, ಉಳಿದವರು ಮಹಡಿ ಮೆಟ್ಟಿಲಲ್ಲಿ ಸಾಲಾಗಿ ಕೂತರು. ಅವನು ಗಂಟಲು ಸರಿಮಾಡಿಕೊಂಡು, "ಈ ಗೋಪುರ ಕಟ್ಟಿದ ಕಾಲಕ್ಕೆ..." ಎಂದ. ಈ ಸಲ ಎಲ್ಲರೂ ಸುಮ್ಮನೆ ಕೇಳುತ್ತಿದ್ದರು.

ಅಷ್ಟರಲ್ಲಿ ಮೆಟ್ಟಿಲು ನರಳಿತು. ಐವತ್ನಾಲ್ಕನೆಯವರಾಗಿ ಬಂದಿದ್ದ ಕೀನ್ಸ್ಲೆ ಮೇಡಂ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಚೀಲದಲ್ಲಿ ಪೆನ್ನು ಹುಡುಕುತ್ತಾ ಕೇಳಿದರು:

"ಎಕೆಹಾರ್ಟ್ ಅವ್ರೇ, ಅಂದ ಹಾಗೆ ಈ ಮನೆಗೆ ವಯಸ್ಸೆಷ್ಟು?"