ಹಗಲು ಕುಡಿದ ಹೆಡ್‌ಲೈಟು

ಹೊಸ ಹೆಡ್‌ಲೈಟಿನ ಮೇಲೆ ಹೊದಿಸಿದ್ದ ಟವೆಲ್ಲನ್ನು ತಿಪ್ಪೇಶಿ ಎಳೆದಾಗ ಬೀದಿಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವಂಥದ್ದೇನೂ ಅಲ್ಲಿ ಕಾಣಲಿಲ್ಲ. ಮುದಿ ಮೋಟಾರ್‌ಬೈಕಿನ ಮೂತಿಗೆ ಇಡ್ಲಿ ಪಾತ್ರೆಯ ಮುಚ್ಚಳದಷ್ಟು ಅಗಲದ ಗಾಜೊಂದು ಕೂತಿತ್ತು, ಅಷ್ಟೇ. ತಿಪ್ಪೇಶಿಗೆ ಇದು ಹೊಸದಲ್ಲ. ಹೊಸದುರ್ಗದ ಆ ಬೀದಿಯಲ್ಲಿ ಅವನು ರೊಟ್ಟಿ ತಟ್ಟುವ ಯಂತ್ರ ಮಾಡಿ ರೊಟ್ಟಿಗಳನ್ನು ಸೂರಿಗೆ ಅಂಟಿಸಿದ್ದ, ಇಲಿ ಓಡಿಸುವ ಪೆಟ್ಟಿಗೆ ಮಾಡಿ ಪೇಟೆಯ ಇಲಿಗಳನ್ನೆಲ್ಲ ಮನೆಗೆ ಕರೆಸಿಕೊಂಡಿದ್ದ. ಅಕ್ಕನ ಗಂಡ ಓಂಕಾರಪ್ಪನ ಬಾಯಿಂದ ಒಮ್ಮೆಯಾದರೂ ಭೇಷ್ ಅನ್ನಿಸಿಕೊಳ್ಳಬೇಕು ಎಂಬುದು ಅವನ ಬಹಳ ದಿನಗಳ ಆಸೆ.

"ಭಾವ, ಇದು ಬ್ಯಾಟರಿ ಲೈಟಲ್ಲ. ಹಗಲೊತ್ತು ಗೋಡೆ ಮ್ಯಾಲೆ, ತಗಡಿನ ಮ್ಯಾಲೆ ಬಿದ್ದು ಸುಮ್ನೆ ಹಾಳಾಗೋ ಬೆಳಕೈತಲ್ಲ, ಅದನ್ನ ಕುಡಿದಿಟ್ಕೊಂಡು ಸಂಜೆಗೆ ವಾಪಸ್ ಕೊಡ್ತೈತೆ. ಅಪ್ಪಟ ಬಿಸಿಲು!"

ಗುಂಡಿ ಒತ್ತಿದ. ಮುಸ್ಸಂಜೆಯ ಬೀದಿಗೆ ಮಧ್ಯಾಹ್ನ ಬಂದು ಬಿತ್ತು. ಬುಟ್ಟಿಯಡಿ ಮಲಗಿದ್ದ ಕೋಳಿಗಳು ಎದ್ದು ಕೂಗಿದವು. ಹಟ್ಟಿಗೆ ಬರುತ್ತಿದ್ದ ಎಮ್ಮೆಯೊಂದು ಅಲ್ಲೇ ನಿಂತು ಯೋಚಿಸಿ, ಬಂದ ದಾರಿಯಲ್ಲೇ ಮೇಯಲು ಹೊರಟುಹೋಯಿತು. ಬೈಕಿನ ಮೇಲೆ ಕೂತಿದ್ದ ಓಂಕಾರಪ್ಪ ಮುಂದಕ್ಕೆ ಬಾಗಿ ರಸ್ತೆಯನ್ನು ನೋಡಿದ, ಮತ್ತೂ ನೋಡಿದ.

"ಪರವಾಗಿಲ್ಲ. ಸ್ವಲ್ಪ ಮಂದ ಆತು."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಹಾಲಮ್ಮ ಮುಖ ತಿರುಗಿಸಿಕೊಂಡಳು. ಎಲ್ಲ ಶುರುವಾದದ್ದು ತುಕ್ಕಿನಿಂದ. ಹಳೆಯ ಹೆಡ್‌ಲೈಟಿನ ತಗಡಿನ ಗೂಡನ್ನು ತುಕ್ಕು ತಿಂದು, ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತಿತ್ತು. ದಾರಿ ಕಾಣುವುದಿಲ್ಲ, ಬದಲಾಯಿಸಬೇಕು ಎಂದು ಗಂಡ ಹೇಳಿದಾಗ ಅವಳೂ ಹೌದೆಂದಿದ್ದಳು. ಪೇಟೆಯಿಂದ ಹೊಸದು ತಂದು ಹಾಕಿಸಿದರು. ಅದೂ ಮಂದ. ಬಲ್ಬು ಬದಲಾಯಿತು, ವೈರು ಬದಲಾಯಿತು, ಬ್ಯಾಟರಿ ಬದಲಾಯಿತು. ಈಗಿನ ಮಾಲೆಲ್ಲ ಕಳಪೆ ಎಂದು ಓಂಕಾರಪ್ಪ ಅಂಗಡಿಯವರನ್ನೆಲ್ಲ ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಹಾಲಮ್ಮನ ನಾಲಿಗೆಯ ತುದಿಗೆ ಬಂತು. ಬಂದದ್ದಕ್ಕೆ ಅವಳಿಗೇ ನಾಚಿಕೆಯೂ ಆಯಿತು. ಮಂದವಾಗಿದ್ದದ್ದು ಗಂಡನ ಕಣ್ಣು. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಚಟ್ನಿ ತಟ್ಟೆಯ ಪಕ್ಕಕ್ಕೆ ಬೀಳುವುದನ್ನು ಅವಳು ನೋಡಿದ್ದಳು. ಮದುವೆ ಮನೆಯಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿದ್ದ ಏರ್‌ಕೂಲರಿಗೆ ಅವನು ಕೈಮುಗಿದು, ಆರಾಮಾ ಗೌಡ್ರೆ ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಕೋಪಿಸಿಕೊಂಡದ್ದನ್ನೂ ನೋಡಿದ್ದಳು. ಹೇಗೋ ಪುಸಲಾಯಿಸಿ ಕಣ್ಣಿನ ಶಿಬಿರಕ್ಕೆ ಕರೆದೊಯ್ದರೆ, ಸಾಲಿನಲ್ಲಿ ಮುಂದಿದ್ದವರು ಓದಿದ್ದನ್ನು ಕೇಳಿ ಕೇಳಿ ಬೋರ್ಡಿನ ಅಕ್ಷರಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದ. ಬಸ್ ಡ್ರೈವರಾಗಿದ್ದವನಿಗೆ ಈ ವಿದ್ಯೆ ಹಳೆಯದು. ಹನಿ ಹಾಕಿ ಒಳಗೆ ನೋಡಬೇಕು ಅಂದ ಡಾಕ್ಟರಿಗೆ, ಎಲ್ಲ ಓದಿದ ಮೇಲೆ ಇನ್ನೇನು ನೋಡ್ತೀರಿ ಎಂದು ಜಬರಿಸಿ ಎದ್ದುಬಂದ. ಅಂದಿನಿಂದ ಆ ಮನೆಯಲ್ಲಿ ಕಣ್ಣಿನ ಮಾತು ನಿಂತಿತು.

ಬಾಯಿಬಿಟ್ಟು ಹೇಳಿಬಿಡಬಹುದಿತ್ತು. ಆದರೆ ಓಂಕಾರಪ್ಪ ನೌಕರಿಯಿಡೀ ರಾತ್ರಿ ಬಸ್ಸು ಓಡಿಸಿದವನು. ಹಿಂದೆ ಐವತ್ತು ಜನ ಅವನ ಕಣ್ಣನ್ನು ನಂಬಿ ನಿದ್ದೆ ಮಾಡುತ್ತಿದ್ದರು. ನನ್ನ ಗಾಲಿಗೆ ಒಂದು ನಾಯಿಯೂ ಸಿಕ್ಕಿಲ್ಲ ಎಂಬುದೊಂದೇ ಅವನು ಜೀವಮಾನದಲ್ಲಿ ಕೊಚ್ಚಿಕೊಂಡದ್ದು. ಈಗ ಸಂಜೆಯಾದರೆ ಬೈಕು ಹತ್ತಿ ಬಸ್‌ಸ್ಟ್ಯಾಂಡಿನ ಟೀ ಅಂಗಡಿಗೆ ಹೋಗಿ, ನಿವೃತ್ತರಾದ ಇತರ ಡ್ರೈವರುಗಳ ಜೊತೆ ಕೂತು ಬರುವುದು ಅವನ ಉಸಿರಾಗಿತ್ತು. ಬೈಕು ಬಿಡಿ ಅಂದರೆ ಆ ಉಸಿರನ್ನೇ ಹಿಡಿದಂತೆ. ಹೇಳದಿದ್ದರೆ ನಾಳೆ ಯಾರ ಮನೆಯ ಮಗು ಅಡ್ಡ ಬರುತ್ತದೋ, ಇವನೇ ಯಾವ ಲಾರಿಗೆ ಸಿಗುತ್ತಾನೋ. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಲಮ್ಮ ಎರಡೂ ಮಾಡದೆ, ಇನ್ನಷ್ಟು ಜೋರು ಮಾಡೋ ಎಂದು ತಮ್ಮನಿಗೆ ಹೇಳಿದಳು.

ತಿಪ್ಪೇಶಿ ಮಾಡಿದ. ಎರಡನೆಯ ಲೈಟು ಹಾಕಿದ ಸಂಜೆ ಹಾಲಮ್ಮ ತರಕಾರಿಯ ನೆವ ಹೇಳಿ ಹಿಂದೆ ಕೂತಳು. ಈಚೆಗೆ ಅವಳಿಗೆ ದಿನವೂ ತರಕಾರಿ ಬೇಕಾಗುತ್ತಿತ್ತು. ದಾರಿಯುದ್ದಕ್ಕೂ, ಅಲ್ಲೊಂದು ಹಂಪು ಹಾಕಿದಾರೆ ನೋಡ್ರಿ, ಆ ಹಸು ಎಷ್ಟು ಚೆನ್ನಾಗೈತೆ ನೋಡ್ರಿ ಎಂದು ಹರಟೆಯಂತೆ ಹೇಳುತ್ತಿದ್ದಳು. ಹಂಪು ಹಾಕಿ ವರ್ಷಗಳಾಗಿದ್ದವು. ಹಸು ರಸ್ತೆಯ ನಡುವೆ ಇತ್ತು.

ಊರಾಚೆ ತಿರುವಿನಲ್ಲಿ ಒಂದು ಸೂರ್ಯಕಾಂತಿ ಹೊಲ. ಬೈಕು ಹಾದುಹೋಗುತ್ತಿದ್ದಂತೆ ಹೊಲಕ್ಕೆ ಹೊಲವೇ ಕತ್ತು ತಿರುಗಿಸಿ ಅವರನ್ನು ನೋಡಿತು. ಆ ಚೆಂದಕ್ಕೆ ಮರುಳಾಗಿ ಹಾಲಮ್ಮ ಒಂದು ಕ್ಷಣ ಮಾತು ನಿಲ್ಲಿಸಿದಳು. ಅಷ್ಟೇ ಸಾಕಾಯಿತು. ಕಲ್ಲುಕಲ್ಲಿನ ನೆರಳು ಎಣಿಸಬಹುದಾದಂಥ ಬೆಳಕಿನಲ್ಲಿ, ಎದುರಿಗಿದ್ದ ಜಲ್ಲಿ ರಾಶಿಯ ಮೇಲೆ ಓಂಕಾರಪ್ಪ ನೇರವಾಗಿ ಬೈಕು ಹತ್ತಿಸಿದ. ಇಬ್ಬರೂ ಬಿದ್ದರು.

ಮನೆಗೆ ಬಂದು ಅವನು ಜಲ್ಲಿ ಸುರಿದವರ ವಂಶವನ್ನೆಲ್ಲ ಬೈದ. ಬೈಯುತ್ತಲೇ ಹೆಂಡತಿಯ ತರಚಿದ ಮೊಣಕೈಗೆ ಅರಿಶಿನ ಹಚ್ಚಿ, ಜೋಪಾನವಾಗಿ ಬಟ್ಟೆ ಕಟ್ಟಿದ. ಗಾಯ ಇದ್ದದ್ದು ಬಟ್ಟೆಯಿಂದ ಎರಡು ಬೆರಳು ಆಚೆ. ಹಾಲಮ್ಮ ನೋವು ಹೋಯಿತೆಂದಳು. ಮರುದಿನ ಬೆಳಿಗ್ಗೆ ಹೊಲದವನು ಬಂದು ಬಾಗಿಲು ಬಡಿದ. ಅವನ ಸೂರ್ಯಕಾಂತಿಗಳೆಲ್ಲ ಸೂರ್ಯನಿಗೆ ಬೆನ್ನು ಹಾಕಿ ರಸ್ತೆ ಕಾಯುತ್ತಾ ನಿಂತಿದ್ದವಂತೆ. ನನ್ನ ಲೈಟಿನ ಬೆಲೆ ಹೂವಿಗೆ ತಿಳಿಯಿತು, ಭಾವನಿಗೆ ತಿಳಿಯಲಿಲ್ಲ ಎಂದು ತಿಪ್ಪೇಶಿ ಕೊರಗಿದ.

ಕೊರಗಿ ಸುಮ್ಮನಿರುವ ಜಾತಿಯವನಲ್ಲ ಅವನು. ಮೂರನೆಯ ಲೈಟಿಗೆಂದು ಬೆಳಕು ಕುಡಿಯುವ ಗಾಜಿನ ಬಿಲ್ಲೆಗಳನ್ನು ಅಕ್ಕನ ಮನೆಯ ಅಂಗಳ, ಮಹಡಿ, ಬಚ್ಚಲ ಸೂರು ಎಲ್ಲ ಕಡೆ ಹರಡಿದ. ಅವು ಎಷ್ಟು ದಿನದ ಬಾಯಾರಿಕೆಯವೋ, ಸುತ್ತಲಿನ ಹಗಲನ್ನು ತಳದವರೆಗೂ ಹೀರಿಬಿಟ್ಟವು. ನಡುಮಧ್ಯಾಹ್ನ ಆ ಮನೆಗೆ ಮಾತ್ರ ಕತ್ತಲಾಯಿತು. ಒಗೆದ ಬಟ್ಟೆ ಹಾಗೇ ಒದ್ದೆಯಾಗಿ ಉಳಿಯಿತು. ಪಕ್ಕದ ಮನೆಯ ಕೊಟ್ರಮ್ಮ ಗೋಡೆಯಾಚೆಯಿಂದ ಇಣುಕಿ, ಗ್ರಹಣ ಹಿಡಿದಿದೆ, ಪಂಚಾಂಗದವರು ಮೋಸ ಮಾಡಿದರು ಎಂದು ಉಪ್ಪಿನಕಾಯಿ ಜಾಡಿಗೆ ಗರಿಕೆ ಹಾಕಿ ತಲೆಗೆ ನೀರು ಹುಯ್ದುಕೊಂಡಳು. ಹಾಲಮ್ಮ ದೀಪ ಹಚ್ಚಿಕೊಂಡು ಸಾರಿಗೆ ಒಗ್ಗರಣೆ ಹಾಕಿದಳು. ತಿಪ್ಪೇಶಿ ಬಕೆಟ್ಟಿಗೆ ಎಡವಿ, ಗೋಡೆ ತಡವುತ್ತಾ ನಡುಮನೆಗೆ ಬಂದ.

ಅಲ್ಲಿ ಆ ಕತ್ತಲಲ್ಲಿ ಓಂಕಾರಪ್ಪ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಪೇಪರ್ ಓದುತ್ತಿದ್ದ.

ಪುಟದ ತುದಿಯವರೆಗೆ ತಲೆ ಇಳಿಸಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದ. ತಿಪ್ಪೇಶಿ ಮೊದಲು ನಗಲು ಹೋದ. ನಗು ಅರ್ಧದಲ್ಲೇ ನಿಂತಿತು.

"ಏನ್ ಓದ್ತಿದೀರಿ ಭಾವ?"

"ಇನ್ನೇನು, ರಾಜಕೀಯ. ಏನ್ ಬಿಸಿಲೋ ಮಾರಾಯ, ಬಾಗ್ಲು ಸ್ವಲ್ಪ ಮುಂದಕ್ಕೆ ಮಾಡು."

ತಿಪ್ಪೇಶಿ ತೆರೆದೇ ಇದ್ದ ಬಾಗಿಲನ್ನು ಮುಂದಕ್ಕೆ ಮಾಡಿದ. ಅಡುಗೆಮನೆಯಲ್ಲಿ ದೀಪದ ಪಕ್ಕ ನಿಂತಿದ್ದ ಅಕ್ಕನ ಮುಖ ನೋಡಿದ. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಹೇಳಬೇಡ ಎಂಬಂತೆ ತಲೆಯಾಡಿಸಿದಳು. ಅವನು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟ. ಇಷ್ಟು ದಿನ ಭಾವ ಮಂದ ಅಂದಾಗಲೆಲ್ಲ ತನ್ನನ್ನು ಹಂಗಿಸುತ್ತಿದ್ದಾನೆ ಎಂದುಕೊಂಡಿದ್ದನಲ್ಲ, ಅದು ಅವನ ಕರುಳನ್ನು ಸುಡುತ್ತಿತ್ತು. ಲೈಟನ್ನು ಒಡೆದುಹಾಕುತ್ತೇನೆ ಎಂದು ಎದ್ದ. ಹಾಲಮ್ಮ ತಡೆದಳು.

"ಒಡೀಬ್ಯಾಡ. ಎಷ್ಟು ಬೆಳಕು ಕುಡಿದೈತೋ ಅಷ್ಟೂ ಇವತ್ತು ಹಾಕು. ಲೈಟು ಮಂದ ಅನ್ನೋ ಮಾತು ಇವತ್ತಿಗೆ ಮುಗೀಲಿ. ನನ್ ಕೈಲಿ ಇನ್ನು ಆಗಲ್ಲ ಕಣೋ."

ಸಂಜೆ ಬೈಕನ್ನು ಬೀದಿಗೆ ತಂದು ನಿಲ್ಲಿಸಿದರು. ಓಂಕಾರಪ್ಪ ಹತ್ತಿ ಕೂತ. ತಿಪ್ಪೇಶಿ ಈ ಸಲ ಟವೆಲ್ಲು ಹೊದಿಸಲಿಲ್ಲ, ಭಾಷಣ ಮಾಡಲಿಲ್ಲ. ಗುಂಡಿ ಒತ್ತಿ ಪಕ್ಕಕ್ಕೆ ಸರಿದ.

ಅಂಥ ಬೆಳಕನ್ನು ಆ ಬೀದಿ ಕಂಡಿರಲಿಲ್ಲ. ಕತ್ತಲಾದಾಗ ತಾವೇ ಹೊತ್ತಿಕೊಳ್ಳುವ ಬೀದಿದೀಪಗಳು ಬೆಳಗಾಯಿತೆಂದುಕೊಂಡು ಸಾಲಾಗಿ ಆರಿದವು. ಗುಬ್ಬಿಗಳು ಗೂಡು ಬಿಟ್ಟು ಹಾರಿದವು. ಪಡಸಾಲೆಯಲ್ಲಿ ಕುಳಿತಿದ್ದವರೊಬ್ಬರು ಹಲ್ಲುಜ್ಜಲು ಎದ್ದರು. ದೂರದ ಗುಡ್ಡದ ಮೇಲಿನ ಗಾಳಿಯಂತ್ರದ ರೆಕ್ಕೆ ಕೂಡ ಬೆಳ್ಳಗೆ ಹೊಳೆಯಿತು. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದರು, ಒಬ್ಬನನ್ನು ಬಿಟ್ಟು.

ಹಾಲಮ್ಮ ಅಂಗಳದಿಂದ ಇಳಿದಳು. ಚಪ್ಪಲಿ ಹಾಕದೆ, ಸದ್ದಾಗದಂತೆ ಬಳೆಗಳನ್ನು ಕೈಯಲ್ಲಿ ಒತ್ತಿ ಹಿಡಿದು ನಡೆದು ಬಂದು, ಬೈಕಿನ ಮುಂದೆ, ಗಾಲಿಗೆ ತಾಗುವಷ್ಟು ಹತ್ತಿರ, ರಸ್ತೆಯ ನಟ್ಟನಡುವೆ, ಆ ಬಿಸಿಲಿನಲ್ಲಿ ನಿಂತಳು. ಕಾಣಲಿ ಎಂದು ಅವಳು ಆಗ ಬೇಡಿಕೊಳ್ಳದ ದೇವರಿಲ್ಲ.

ಓಂಕಾರಪ್ಪ ಮುಂದಕ್ಕೆ ಬಾಗಿ ನೋಡಿದ. ಅವನ ಮುಖ ಅರಳಿತು.

"ಹಾಂ, ಈಗ ನೋಡು. ಎಲ್ಲ ಬೆಳ್ಳಗೆ ಕಾಣ್ತೈತೆ. ರಸ್ತೆ ಖಾಲಿ ಐತೆ."

ಕಿಕ್ಕರಿನ ಮೇಲೆ ಕಾಲಿಟ್ಟ. ತಿಪ್ಪೇಶಿ ಓಡಿಬರಲು ಹೋದ. ಅಷ್ಟರಲ್ಲಿ ಹಾಲಮ್ಮನ ದನಿ ಬಂತು.

"ಖಾಲಿ ಇಲ್ಲ ಕಣ್ರೀ. ನಾನಿದೀನಿ."

ಓಂಕಾರಪ್ಪನ ಕಾಲು ಕಿಕ್ಕರಿನ ಮೇಲೆ ಹಾಗೇ ಉಳಿಯಿತು. ಎಷ್ಟು ದೂರದಲ್ಲಿ ನಿಂತಿದೀಯ ಎಂದು ಅವನು ಕೇಳಿದ. ದೂರದಲ್ಲಿ, ಆ ಲೈಟ್ ಕಂಬದ ಹತ್ತಿರ ಎಂದು ಹಾಲಮ್ಮ ಸುಳ್ಳು ಹೇಳಿದಳು. ಹೇಳುವಾಗ ಒತ್ತಿ ಹಿಡಿದಿದ್ದ ಕೈ ಸಡಿಲಿ, ಬಳೆಗಳು ಅವನ ಮುಂದೆಯೇ ಸದ್ದು ಮಾಡಿದವು. ಓಂಕಾರಪ್ಪ ಹ್ಯಾಂಡಲ್ ಬಿಟ್ಟು ಕೈ ಚಾಚಿದ. ಅದು ಅವಳ ಭುಜಕ್ಕೆ ತಗುಲಿತು.

ಅವನು ಬೈಕಿನಿಂದ ಇಳಿದ. ಸ್ಟ್ಯಾಂಡು ಹಾಕಿದ, ಬೀಗದ ಕೈ ತೆಗೆದು ಹೆಂಡತಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಆಮೇಲೆ ಭಾಮೈದನನ್ನು ಹುಡುಕುತ್ತಾ, ಅವನು ನಿಂತಿರದ ದಿಕ್ಕಿಗೆ ಮುಖ ಮಾಡಿ ಹೇಳಿದ.

"ನಿನ್ ಲೈಟು ಭೇಷಾಗೈತೆ ಕಣೋ ತಿಪ್ಪೇಶಿ. ಲೈಟಿಂದೇನೂ ತಪ್ಪಿಲ್ಲ."

ಅಷ್ಟು ವರ್ಷ ಕಾದಿದ್ದ ಮಾತು ಕೊನೆಗೂ ಬಂತು. ಬಾರದಿದ್ದರೇ ಚೆನ್ನಾಗಿತ್ತು ಎಂದು ತಿಪ್ಪೇಶಿಗೆ ಅನ್ನಿಸಿತು. ಅವನು ಭಾವನ ಎದುರಿಗೆ ಬಂದು ಕೈ ಹಿಡಿದುಕೊಂಡ.

ಮರುದಿನ ಮೂವರೂ ದೊಡ್ಡ ಊರಿನ ಕಣ್ಣಾಸ್ಪತ್ರೆಗೆ ಬಸ್ಸಿನಲ್ಲಿ ಹೋದರು. ಓಂಕಾರಪ್ಪ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು. ಉಳಿದಿರುವಷ್ಟನ್ನು ಹನಿ ಹಾಕಿ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಸಂಜೆಯ ಟೀಗೆ ಈಗ ಹಾಲಮ್ಮ ಅವನ ಕೈಹಿಡಿದು ನಡೆಸಿಕೊಂಡು ಹೋಗುತ್ತಾಳೆ. ದಾರಿಯಲ್ಲಿ ಹಸು ಇದ್ದರೆ ಹಸು ಎಂದೇ ಹೇಳುತ್ತಾಳೆ, ಚೆನ್ನಾಗಿದೆ ಎಂದು ಸುತ್ತಿ ಬಳಸಿ ಹೇಳುವುದಿಲ್ಲ.

ಲೈಟಿಗೆ ಆರಿಸುವ ಗುಂಡಿ ಇಡುವುದನ್ನು ತಿಪ್ಪೇಶಿ ಮರೆತಿದ್ದ. ಕುಡಿದ ಬೆಳಕು ಖಾಲಿಯಾಗುವವರೆಗೆ ಅದು ಉರಿಯುತ್ತಲೇ ಇತ್ತು. ಮೇಲೆ ಕಂಬಳಿ ಹೊದಿಸಿದರೂ ಬೀದಿಯ ಕೋಳಿಗಳು ಹೊತ್ತಲ್ಲದ ಹೊತ್ತಿಗೆ ಕೂಗುತ್ತಿದ್ದವು. ಯಾರೂ ದೂರು ಕೊಡಲಿಲ್ಲ. ತಿಪ್ಪೇಶಿ ಮಾಡಿದ ಯಂತ್ರಗಳಲ್ಲಿ, ಮಾಡುತ್ತೇನೆಂದದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದ್ದು ಅದೊಂದೇ.